ತೋಟಕ್ಕೆ ಮಿಂಚುಹುಳ ಮರಳಬೇಕಾದರೆ

ಮಲೆನಾಡಿನಲ್ಲಿ ಮಿಂಚುಹುಳದ ಸುಗ್ಗಿ ಭರಣಿ ಮಳೆಯ ಹೊತ್ತಿಗೆ ಶುರುವಾಗುತ್ತದೆ. ಕೃತ್ತಿಕೆ, ರೋಹಿಣಿ ದಾಟಿ ಮೃಗಶಿರದ ಮಳೆ ಜೋರು ಹಿಡಿಯುವಷ್ಟರಲ್ಲಿ ಹೆಚ್ಚುಕಡಿಮೆ ಮುಗಿದಿರುತ್ತದೆ. ಅಂದರೆ ಮೇ ಆರಂಭದಿಂದ ಜೂನ್ ನಡುವಿನ ತನಕ, ಐದಾರು ವಾರ. ಒಂದೊಂದು ಹುಳವೂ ರೆಕ್ಕೆ ಬಂದ ಮೇಲೆ ಬದುಕುವುದು ಎರಡು ಮೂರು ವಾರ ಮಾತ್ರ. ಉಳಿದ ತಿಂಗಳೆಲ್ಲ ಅದು ನಮ್ಮ ಕಾಲಡಿಯ ಮಣ್ಣಿನಲ್ಲಿ, ತರಗೆಲೆಯ ಅಡಿಯಲ್ಲಿ, ಬಸಿಗಾಲುವೆಯ ಅಂಚಿನಲ್ಲಿ ಇರುತ್ತದೆ. ಮೊಟ್ಟೆ ಒಡೆಯಲು ಮೂರು ನಾಲ್ಕು ವಾರ, ಮರಿಹುಳವಾಗಿ ಹಲವು ತಿಂಗಳು (ಕೆಲವು ಜಾತಿಗಳಲ್ಲಿ ವರ್ಷಕ್ಕೂ ಹೆಚ್ಚು), ಕೋಶದೊಳಗೆ ಒಂದೆರಡು ವಾರ.

ಈ ಲೆಕ್ಕ ಮನಸ್ಸಿಗೆ ಇಳಿದರೆ ಮುಂದೆ ಮಾಡಬೇಕಾದ ಕೆಲಸವೆಲ್ಲ ತಾನಾಗಿಯೇ ಅರ್ಥವಾಗುತ್ತದೆ. ಮಿಂಚುಹುಳ ಕಡಿಮೆಯಾಯಿತು ಎಂದು ಜನ ಕೊರಗುವುದು ಮೇ ತಿಂಗಳಲ್ಲಿ. ಅದು ಕಡಿಮೆಯಾಗುವುದು ಮಾತ್ರ ಜನವರಿಯಲ್ಲಿ ತರಗೆಲೆಗೆ ಬೆಂಕಿ ಹಾಕುವಾಗ, ಸೆಪ್ಟೆಂಬರಿನಲ್ಲಿ ಬೇರುಹುಳಕ್ಕೆ ಔಷಧಿ ಸುರಿಯುವಾಗ, ಏಪ್ರಿಲಿನಲ್ಲಿ ಕಾಲುವೆಗೆ ಕಾಂಕ್ರೀಟು ಹಾಕುವಾಗ. 2020ರಲ್ಲಿ 'ಬಯೋಸೈನ್ಸ್' ಪತ್ರಿಕೆಯಲ್ಲಿ ಬಂದ ಸಮೀಕ್ಷೆಯೊಂದು ಜಗತ್ತಿನ ಬೇರೆ ಬೇರೆ ಭಾಗದ ಮಿಂಚುಹುಳ ತಜ್ಞರನ್ನು ಕೇಳಿ ಅಪಾಯಗಳ ಪಟ್ಟಿ ಮಾಡಿತ್ತು. ಮೊದಲ ಮೂರು ಸ್ಥಾನ ನೆಲೆಯ ನಾಶಕ್ಕೆ, ರಾತ್ರಿಯ ದೀಪಕ್ಕೆ, ಕೀಟನಾಶಕಕ್ಕೆ ಸಿಕ್ಕಿದವು. ಮೂರೂ ನಮ್ಮ ಅಡಿಕೆ ತೋಟ, ಕಾಫಿ ತೋಟ, ಮನೆಯಂಗಳಗಳಲ್ಲೇ ನಡೆಯುವಂಥವು. ಹಾಗಾಗಿ ಸರಿಪಡಿಸುವುದೂ ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ.

ಮೊದಲು ಮರಿಹುಳವನ್ನು ನೋಡಿ

ಮಿಂಚುಹುಳ ದುಂಬಿಯ ಕುಲದ್ದು. ಎರಡು ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಹಾರುವ ಹುಳವನ್ನು ಎಲ್ಲರೂ ಗುರುತಿಸುತ್ತಾರೆ. ಅದರ ಮರಿಯನ್ನು ಕಂಡವರು ಕಡಿಮೆ, ಕಂಡರೂ ಯಾವುದೋ ಕಂಬಳಿಹುಳವೆಂದು ತುಳಿದು ಹೋಗುವುದೇ ಹೆಚ್ಚು.

ಸೆಪ್ಟೆಂಬರಿನಿಂದ ನವೆಂಬರಿನ ತನಕ, ಮಳೆ ಬಿಟ್ಟು ನೆಲ ಇನ್ನೂ ಒದ್ದೆಯಾಗಿರುವಾಗ, ರಾತ್ರಿ ಎಂಟರ ಸುಮಾರಿಗೆ ತೋಟದ ಬಸಿಗಾಲುವೆಯ ಬಳಿ ಹೋಗಿ. ಗಂಬೂಟು ಹಾಕಿಕೊಳ್ಳಿ. ಹೋಗುವ ದಾರಿಗೆ ಬ್ಯಾಟರಿ ಬೇಕೇ ಬೇಕು, ಹಾವಿನ ವಿಷಯದಲ್ಲಿ ಧೈರ್ಯ ತೋರಿಸುವುದು ಬೇಡ. ಕೂರುವ ಜಾಗವನ್ನು ಬೆಳಕು ಬಿಟ್ಟು ಚೆನ್ನಾಗಿ ನೋಡಿಕೊಂಡು, ಆಮೇಲೆ ಆರಿಸಿ, ಇಪ್ಪತ್ತು ನಿಮಿಷ ಸುಮ್ಮನೆ ಕೂತಿರಿ. ಕಣ್ಣು ಕತ್ತಲೆಗೆ ಒಗ್ಗಲು ಅಷ್ಟು ಹೊತ್ತು ಹಿಡಿಯುತ್ತದೆ. ನಡುವೆ ಒಮ್ಮೆ ಮೊಬೈಲು ತೆರೆದರೂ ಆ ಇಪ್ಪತ್ತು ನಿಮಿಷ ಮತ್ತೆ ಮೊದಲಿಂದ.

ನೆಲಮಟ್ಟದಲ್ಲಿ, ಹುಲ್ಲಿನ ಬುಡದಲ್ಲಿ ಮಂದವಾದ ಹಸಿರು ಬೆಳಕು ಕಾಣಿಸುತ್ತದೆ. ಹಾರುವ ಹುಳದ ಹಾಗೆ ಪಕ್ಕನೆ ಮಿಂಚುವುದಿಲ್ಲ. ನಿಧಾನ ಏರಿ, ಕೆಲವು ಸೆಕೆಂಡು ನಿಂತು, ನಿಧಾನ ಆರುತ್ತದೆ. ಅದರ ಹತ್ತಿರ ಕೆಂಪು ಕಾಗದ ಸುತ್ತಿದ ಬ್ಯಾಟರಿ ಹಿಡಿದು ನೋಡಿ. ಚಪ್ಪಟೆ ಮೈ, ಬೆನ್ನ ಮೇಲೆ ಮನೆಗೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಏರಿ ಕೂತ ಕಪ್ಪು-ಕಂದು ತಗಡುಗಳು. ತಲೆ ಎಲ್ಲಿದೆ ಎಂದು ಹುಡುಕಬೇಕು, ಆಮೆಯ ಹಾಗೆ ಮೊದಲ ತಗಡಿನೊಳಗೆ ಎಳೆದುಕೊಂಡಿರುತ್ತದೆ. ಮುಂದೆ ಆರು ಪುಟ್ಟ ಕಾಲು. ಹಿಂತುದಿಯ ಅಡಿಯಲ್ಲಿ ಎರಡು ಬೆಳಕಿನ ಚುಕ್ಕೆ. ಬಾಲದ ತುದಿಯನ್ನು ನೆಲಕ್ಕೆ ಊರಿ, ಮೈ ಮುಂದಕ್ಕೆ ತಳ್ಳಿ, ಮತ್ತೆ ತುದಿಯನ್ನು ಎಳೆದುಕೊಂಡು ನಡೆಯುತ್ತದೆ.

ಅದು ಹೊರಟಿರುವುದು ಬೇಟೆಗೆ. ಬಸವನಹುಳ ಹಾದುಹೋದ ಲೋಳೆಯ ಜಾಡು ಹಿಡಿದು ಹೋಗಿ, ಹುಳದ ಮೈಗೆ ಕುಡಗೋಲಿನಂಥ ದವಡೆ ಚುಚ್ಚುತ್ತದೆ. ದವಡೆಯೊಳಗೆ ಕೊಳವೆಯಿದೆ, ಅದರಿಂದ ಇಳಿಯುವ ರಸಕ್ಕೆ ಬಸವನಹುಳ ಜೋಮು ಹಿಡಿದಂತಾಗಿ ಒಳಗೊಳಗೇ ಕರಗತೊಡಗುತ್ತದೆ. ಕರಗಿದ್ದನ್ನು ಮರಿಹುಳ ಹೀರುತ್ತದೆ. ತನಗಿಂತ ಹಲವು ಪಟ್ಟು ದೊಡ್ಡ ಬಸವನಹುಳವನ್ನೂ ಹೀಗೇ ಮುಗಿಸುತ್ತದೆ. ನಮ್ಮ ಘಟ್ಟದಲ್ಲಿರುವ ಲ್ಯಾಂಪ್ರಿಜೆರಾ ಎಂಬ ದೊಡ್ಡ ಜಾತಿಯ ಮರಿಗಳು ತೋಟ ನುಂಗುವ ಆಫ್ರಿಕನ್ ಬಸವನಹುಳವನ್ನೂ ತಿನ್ನುತ್ತವೆ. ರೈತನ ಕೆಲಸವನ್ನು ಕೂಲಿಯಿಲ್ಲದೆ ಮಾಡುವ ಜೀವಿ ಇದು. ಕತ್ತಲೆಯಲ್ಲಿ ಬೆಳಕು ಹೊತ್ತು ಬೇಟೆಗೆ ಹೋಗುವ ಇಂಥದೊಂದು ಪ್ರಾಣಿ ನಮ್ಮ ಕಾಲುವೆ ಅಂಚಿನಲ್ಲೇ ಇದೆ ಎನ್ನುವುದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಆಮೇಲೆ ಯಾವ ಉಪದೇಶವೂ ಬೇಕಾಗುವುದಿಲ್ಲ.

ಎಲ್ಲಿ ಮರಿಯ ಬೆಳಕು ಕಂಡಿತೋ ಅಲ್ಲಿ ಒಂದು ಗೂಟ ಹೊಡೆದು ಗುರುತು ಮಾಡಿ. ಮುಂದಿನ ಕೆಲಸವೆಲ್ಲ ಆ ಗೂಟದ ಸುತ್ತಲಿಂದಲೇ ಶುರು.

ಎಣಿಕೆ

"ಮೊದಲೆಲ್ಲ ಎಷ್ಟೊಂದಿತ್ತು" ಎನ್ನುವುದು ನೆನಪು. ಕೆಲಸ ಫಲ ಕೊಟ್ಟಿತೋ ಇಲ್ಲವೋ ತಿಳಿಯಲು ಸಂಖ್ಯೆ ಬೇಕು. ಒಂದು ನೋಟುಬುಕ್ಕು, ಒಂದು ಗಡಿಯಾರ ಸಾಕು.

ಕುರ್ಚಿ ಹಾಕಿ ಕೂರಬಹುದಾದ ಒಂದೇ ಜಾಗ ಗೊತ್ತು ಮಾಡಿ, ಮುಖ ಯಾವ ದಿಕ್ಕಿಗೆ ಎಂಬುದನ್ನೂ ಬರೆದಿಡಿ. ಮೊದಲ ಮಳೆ ಬಿದ್ದ ಮೇಲೆ ವಾರಕ್ಕೆ ಎರಡು ದಿನ, ಸಂಜೆ ಏಳೂವರೆಗೆ ಹೋಗಿ ಕೂತು, ಏಳೂಮುಕ್ಕಾಲರ ಹೊತ್ತಿಗೆ ಎಣಿಕೆ ಶುರು ಮಾಡಿ. ಒಂದು ನಿಮಿಷ ಎಣಿಸುವುದು, ಐದು ನಿಮಿಷ ಬಿಡುವುದು, ಹೀಗೆ ಐದು ಸಲ. ಐದರ ಸರಾಸರಿ ಆ ದಿನದ ಲೆಕ್ಕ. ಒಂದೇ ಹುಳ ಎರಡು ಸಲ ಲೆಕ್ಕಕ್ಕೆ ಬಂದೀತು, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಪ್ರತಿಸಲವೂ ಅದೇ ತಪ್ಪು ಆಗುವುದರಿಂದ ಹೋಲಿಕೆಗೆ ತೊಂದರೆಯಿಲ್ಲ. ಎಣಿಕೆಯ ಪಕ್ಕದಲ್ಲಿ ಬರೆಯಬೇಕಾದ್ದು: ತಾರೀಕು, ಹಿಂದಿನ ಎರಡು ದಿನದಲ್ಲಿ ಮಳೆ ಬಿದ್ದಿತೇ, ಗಾಳಿಯಿತ್ತೇ, ಚಂದ್ರನಿದ್ದನೇ, ಕೂತಲ್ಲಿಂದ ಯಾವ ದೀಪ ಕಾಣುತ್ತಿತ್ತು. ಹುಣ್ಣಿಮೆಯ ಆಸುಪಾಸಿನ ಎಣಿಕೆಯನ್ನು ಅಮಾವಾಸ್ಯೆಯ ಎಣಿಕೆಯ ಜೊತೆ ಇಟ್ಟು ನೋಡಬೇಡಿ.

ಬೆಳಕಿನ ಬಗೆಯನ್ನೂ ಬರೆದಿಟ್ಟರೆ ಒಳ್ಳೆಯದು. ಹಳದಿಯೋ ಹಸಿರೋ, ಮೊಣಕಾಲೆತ್ತರದಲ್ಲೋ ಮರದ ತುದಿಯಲ್ಲೋ, ಒಂದು ಮಿಂಚಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು. ಪ್ರತಿ ಜಾತಿಗೂ ತನ್ನದೇ ಲಯವಿದೆ, ಹೆಣ್ಣು ಗಂಡನ್ನು ಗುರುತಿಸುವುದೇ ಆ ಲಯದಿಂದ. ಸೆಖೆ ಹೆಚ್ಚಿದ ರಾತ್ರಿ ಲಯ ತುಸು ಚುರುಕಾಗುತ್ತದೆ, ತಂಪಾದರೆ ನಿಧಾನವಾಗುತ್ತದೆ. ಕೆಲವು ಕಡೆ ಮರಕ್ಕೆ ಮರವೇ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತದೆ. ನಮ್ಮ ಘಟ್ಟದಲ್ಲೂ, ತಮಿಳುನಾಡಿನ ಆನೆಮಲೆಯಲ್ಲೂ, ಮಹಾರಾಷ್ಟ್ರದ ಭಂಡಾರದರಾ ಸುತ್ತಲೂ ಅಂಥ ಸಾಲುದೀಪ ಕಾಣಲು ಸಿಗುತ್ತದೆ.

ಹಾರಾಡುತ್ತ ಮಿಂಚುವವು ಬಹುತೇಕ ಗಂಡು. ಹುಲ್ಲಿನ ಎಲೆಯ ಮೇಲೆ ಕೂತು ಆಗೊಮ್ಮೆ ಈಗೊಮ್ಮೆ ಉತ್ತರ ಕೊಡುವವು ಹೆಣ್ಣು. ಅಂಗಳದಲ್ಲಿ ಹೆಚ್ಚಾಗಿ ಸಿಗುವ ಕಿತ್ತಳೆ-ಹಳದಿ ಮೈಯ, ರೆಕ್ಕೆಹೊದಿಕೆಯ ತುದಿ ಕಪ್ಪಾಗಿರುವ ಪುಟ್ಟ ಜಾತಿಯನ್ನು ಮೆಲ್ಲಗೆ ಮಗುಚಿ ನೋಡಿದರೆ ಗೊತ್ತಾಗುತ್ತದೆ. ಹೊಟ್ಟೆಯ ತುದಿಯಲ್ಲಿ ಬಿಳಿ ಪಟ್ಟಿ ಎರಡಿದ್ದರೆ ಗಂಡು, ಒಂದಿದ್ದರೆ ಹೆಣ್ಣು. ಆ ಬಿಳಿ ಪಟ್ಟಿಯೇ ಬೆಳಕಿನ ಅಂಗ. ಲೂಸಿಫೆರಿನ್ ಎಂಬ ವಸ್ತು, ಲೂಸಿಫೆರೇಸ್ ಎಂಬ ಕಿಣ್ವದ ನೆರವಿನಿಂದ ಆಮ್ಲಜನಕದ ಜೊತೆ ಸೇರಿ ಅಲ್ಲಿ ಬೆಳಕಾಗುತ್ತದೆ. ಬೆರಳಿಗೆ ಬಿಸಿ ಒಂದಿಷ್ಟೂ ತಾಗುವುದಿಲ್ಲ.

ದೀಪ: ಇವತ್ತೇ ಮಾಡಬಹುದಾದ ಕೆಲಸ

ನೆಲ ಸರಿಯಾಗಲು ವರ್ಷಗಳು ಬೇಕು. ದೀಪ ಇವತ್ತು ರಾತ್ರಿಯೇ ಸರಿಯಾಗುತ್ತದೆ. ಹುಣ್ಣಿಮೆಯ ಬೆಳಕು ಅರ್ಧ ಲಕ್ಸ್ (ಬೆಳಕಿನ ತೀವ್ರತೆಯ ಅಳತೆ) ಕೂಡ ಇಲ್ಲ. ಬೀದಿದೀಪದ ಕೆಳಗೆ ಸಾಮಾನ್ಯವಾಗಿ ಹತ್ತು ಲಕ್ಸ್‌ಗೂ ಮೇಲಿರುತ್ತದೆ. ಅಂಥ ಬೆಳಕಿನಲ್ಲಿ ಗಂಡಿನ ಮಿಂಚು ಹೆಣ್ಣಿಗೆ ಕಾಣುವುದಿಲ್ಲ, ಕಂಡರೂ ಹೆಣ್ಣು ಉತ್ತರ ಕೊಡುವುದು ಕಡಿಮೆಯಾಗುತ್ತದೆ. ಎರಡು ಮೂರು ವಾರದ ಆಯುಷ್ಯದಲ್ಲಿ ಹೀಗೆ ಕಳೆದ ರಾತ್ರಿಗಳು ಹೆಚ್ಚಿದಷ್ಟೂ ಮುಂದಿನ ಪೀಳಿಗೆಗೆ ಮೊಟ್ಟೆ ಕಡಿಮೆ.

ಮಿಂಚುಹುಳ ಹಾರುವ ಜಾಗದಲ್ಲಿ ನಿಂತು ಎರಡು ಪರೀಕ್ಷೆ ಮಾಡಿ. ಅಲ್ಲಿಂದ ಬಲ್ಬು ನೇರವಾಗಿ ಕಣ್ಣಿಗೆ ಬೀಳುತ್ತಿದೆಯೇ? ನಿಮ್ಮ ನೆರಳು ನೆಲದ ಮೇಲೆ ಮೂಡುತ್ತಿದೆಯೇ? ಎರಡರಲ್ಲಿ ಒಂದಕ್ಕೆ ಹೌದು ಎಂದಾದರೂ ಆ ದೀಪಕ್ಕೆ ಏನಾದರೂ ಮಾಡಲೇಬೇಕು.

ಆರಿಸುವುದೇ ಎಲ್ಲಕ್ಕಿಂತ ಒಳ್ಳೆಯದು. ಮೇ ಒಂದರಿಂದ ಜೂನ್ ಕೊನೆಯ ತನಕ, ಸಂಜೆ ಏಳರಿಂದ ಹತ್ತರವರೆಗೆ ಅಂಗಳದ ದೀಪ, ಗೇಟಿನ ದೀಪ, ಕೊಟ್ಟಿಗೆಯ ಹೊರದೀಪ ಬೇಡ. ತೋಟದ ದಾರಿಗೆ ಚುಚ್ಚಿಟ್ಟ ಸೋಲಾರ್ ದೀಪಗಳನ್ನು ಕಿತ್ತು ಒಳಗಿಡಿ. ಚೆಂದಕ್ಕೆಂದು ಹಾಕುವ ಅವು ಹೆಣ್ಣು ಕೂರುವ ಹುಲ್ಲಿನ ಎತ್ತರದಲ್ಲೇ ರಾತ್ರಿಯಿಡೀ ಉರಿಯುತ್ತವೆ. ಆರಿಸಲು ಆಗದ ಕಡೆ, ಉದಾಹರಣೆಗೆ ವಯಸ್ಸಾದವರು ಬಚ್ಚಲಿಗೆ ಹೋಗುವ ದಾರಿಯಲ್ಲಿ, ಹೀಗೆ ಮಾಡಿ: 3 ವ್ಯಾಟಿನ, 2700 ಕೆಲ್ವಿನ್ ಅಥವಾ ಅದಕ್ಕೂ ಕಡಿಮೆಯ (ಅಂದರೆ ಹಳದಿ ಛಾಯೆಯ) ಬಲ್ಬು ಹಾಕಿ, ಮೇಲೂ ಪಕ್ಕಕ್ಕೂ ಬೆಳಕು ಹೋಗದಂತೆ ತಗಡಿನ ಟೋಪಿ ಕೂರಿಸಿ, ನೆಲದಿಂದ ಮೂರಡಿಗಿಂತ ಎತ್ತರಕ್ಕೆ ಕಟ್ಟಬೇಡಿ. ಜನ ಬಂದಾಗ ಮಾತ್ರ ಹೊತ್ತಿ ಒಂದು ನಿಮಿಷಕ್ಕೆ ಆರುವ ಸೆನ್ಸರ್ ಇದ್ದರೆ ಇನ್ನೂ ಒಳ್ಳೆಯದು. ಗಾಳಿಗೆ ಬಾಳೆ ಎಲೆ ಅಲ್ಲಾಡಿದರೂ ಅದು ಹೊತ್ತುತ್ತದೆ, ಹಾಗಾಗಿ ಸೆನ್ಸರಿನ ಮುಖ ಗಿಡಗಳ ಕಡೆಗಿರದಂತೆ ತಿರುಗಿಸಿ.

ಹಳದಿ ಬಲ್ಬು ಹಾಕಿದರೆ ಹುಳಗಳಿಗೆ ತೊಂದರೆಯೇ ಇಲ್ಲ ಎಂಬ ಮಾತು ಚಾಲ್ತಿಯಲ್ಲಿದೆ. ದೀಪಕ್ಕೆ ಮುತ್ತುವ ಪತಂಗಗಳ ಮಟ್ಟಿಗೆ ಅದು ಸ್ವಲ್ಪ ನಿಜ. ಮಿಂಚುಹುಳದ ಮಟ್ಟಿಗೆ ಅಲ್ಲ. ಅದರ ಬೆಳಕೇ ಹಳದಿ-ಹಸಿರು, ಕಣ್ಣು ಪಳಗಿರುವುದೂ ಆ ಬಣ್ಣಕ್ಕೇ. ಹಾಗಾಗಿ ಹಳದಿ ದೀಪವೂ ಅಡ್ಡಿಯೇ. ಮಿಂಚುಹುಳಕ್ಕೆ ಎಲ್ಲಕ್ಕಿಂತ ಕಡಿಮೆ ಕಾಣುವುದು ಕೆಂಪು. ಬ್ಯಾಟರಿಯ ಮುಖಕ್ಕೆ ಎರಡು ಮಡಿಕೆ ಕೆಂಪು ಜಿಲೆಟಿನ್ ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೆ ಎಣಿಕೆಗೆ, ನೋಟುಬುಕ್ಕು ಬರೆಯಲಿಕ್ಕೆ ಸಾಕು.

ಬೀದಿದೀಪ ತೋಟದ ಕಡೆಗೆ ಬೀಳುತ್ತಿದ್ದರೆ ದೀಪ ತೆಗೆಸಿ ಎಂದು ಪಂಚಾಯಿತಿಯನ್ನು ಕೇಳಬೇಡಿ, ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ದೀಪದ ಹಿಂಬದಿಗೆ ತಗಡಿನ ಮರೆ ಹಾಕಿಸಿ ಎಂದು ಕೇಳಿ. ರಸ್ತೆಗೆ ಬೆಳಕು ಅಷ್ಟೇ ಇರುತ್ತದೆ, ತೋಟ ಕತ್ತಲಾಗುತ್ತದೆ.

ನೆಲ: ಮೂರಡಿ ಅಗಲದ ಪಟ್ಟಿ

ಇಡೀ ತೋಟವನ್ನು ಮಿಂಚುಹುಳಕ್ಕೆ ಬಿಟ್ಟುಕೊಡಿ ಎಂದರೆ ಯಾವ ಬೆಳೆಗಾರರೂ ಕೇಳುವುದಿಲ್ಲ. ಬಸಿಗಾಲುವೆಯ ಅಂಚಿನಲ್ಲಿ, ಧರೆಯ (ಮಣ್ಣಿನ ದಿಬ್ಬದ) ಬುಡದಲ್ಲಿ, ಬೇಲಿಯ ಒಳಗೆ ಮೂರಡಿ ಅಗಲದ ಪಟ್ಟಿ ಬಿಟ್ಟರೂ ಫಲ ಕಾಣುತ್ತದೆ. ಗೂಟ ಹೊಡೆದ ಜಾಗ ಆ ಪಟ್ಟಿಯೊಳಗೆ ಬರಬೇಕು, ಪಟ್ಟಿ ತುಂಡುತುಂಡಾಗದೆ ಹಾಡಿಗೋ ಬೆಟ್ಟಕ್ಕೋ ಹಳ್ಳಕ್ಕೋ ಮುಟ್ಟಬೇಕು. ಇದಕ್ಕೆ ಕಾರಣವಿದೆ. ಹಲವು ಜಾತಿಗಳಲ್ಲಿ ಹೆಣ್ಣಿಗೆ ರೆಕ್ಕೆಯೇ ಇರುವುದಿಲ್ಲ. ಲ್ಯಾಂಪ್ರಿಜೆರಾದ ಹೆಣ್ಣು ದೊಡ್ಡ ಮರಿಹುಳದಂತೆಯೇ ಕಾಣುತ್ತದೆ, ನೆಲದಲ್ಲಿ ತೆವಳಿಕೊಂಡೇ ಬದುಕುತ್ತದೆ. ಹೊಸ ಜಾಗಕ್ಕೆ ಹೋಗುವುದೂ ತೆವಳಿಕೊಂಡೇ. ನಡುವೆ ಸಿಮೆಂಟಿನ ಕಾಂಪೌಂಡು ಬಂದರೆ ಅಲ್ಲಿಗೆ ಅದರ ಊರು ಮುಗಿಯಿತು. ಕಾಂಪೌಂಡು ಕಟ್ಟಲೇಬೇಕಾದರೆ ನೆಲಮಟ್ಟದಲ್ಲಿ ಹತ್ತಡಿಗೊಂದರಂತೆ ನಾಲ್ಕಿಂಚಿನ ಕಿಂಡಿ ಬಿಡಿಸಿ.

ಪಟ್ಟಿಯ ಮೇಲೆ ಮೂರು ನಾಲ್ಕಿಂಚು ದಪ್ಪ ತರಗೆಲೆ ಇರಲಿ. ಮಳೆಗಾಲ ಮುಗಿಯುವಷ್ಟರಲ್ಲಿ ಅದು ಕೊಳೆತು ಒಂದಿಂಚಿಗೆ ಇಳಿದಿರುತ್ತದೆ, ಡಿಸೆಂಬರ್-ಜನವರಿಯಲ್ಲಿ ಮತ್ತೆ ಹರಡಿ. ಅಡಿಕೆಯ ಬುಡದಿಂದ ಅರ್ಧ ಅಡಿ ದೂರವಿರಲಿ. ಸೋಗೆಯನ್ನು ಕತ್ತರಿಸಿ ಹಾಕಿದರೆ ಬೇಗ ಮಣ್ಣಾಗುತ್ತದೆ. ಅಡಿಕೆ ಹಾಳೆ ತಟ್ಟೆ ಮಾಡಲು ಹೋಗದೆ ಉಳಿದಿದ್ದರೆ ಅದನ್ನೂ ಹಾಕಬಹುದು, ಆದರೆ ಮಗುಚಿ ಹಾಕಿ. ಅಂಗಾತ ಬಿದ್ದ ಹಾಳೆಯಲ್ಲಿ ನಿಲ್ಲುವ ನೀರು ಡೆಂಗಿ ಸೊಳ್ಳೆಗೆ ತೊಟ್ಟಿಲು. ಸೊಳ್ಳೆ ಹೆಚ್ಚಿದರೆ ಹೊಗೆ ಹೊಡೆಯುವ ಯಂತ್ರ ಬರುತ್ತದೆ, ಆ ಹೊಗೆ ಮಿಂಚುಹುಳವನ್ನೂ ಕೊಲ್ಲುತ್ತದೆ. ಹಾಳೆಯೊಂದನ್ನು ಮಗುಚುವುದರಲ್ಲಿ ಇಷ್ಟೆಲ್ಲ ಇದೆ.

ತರಗೆಲೆಯ ಜೊತೆಗೆ ಮೂರು ನಾಲ್ಕು ಕೊಳೆತ ಮರದ ತುಂಡು, ಮೂರಡಿ ಉದ್ದದವು, ಅರ್ಧ ಮಣ್ಣಿನಲ್ಲಿ ಹೂತು ಇಡಿ. ಬೇಸಗೆಯಲ್ಲಿ ನೆಲ ಒಣಗಿದಾಗ ಮರಿಹುಳ, ಬಸವನಹುಳ, ಎರೆಹುಳ ಎಲ್ಲ ಅದರಡಿಗೆ ಸೇರಿಕೊಳ್ಳುತ್ತವೆ. ಫೆಬ್ರವರಿಯಿಂದ ಏಪ್ರಿಲ್ ತನಕವೇ ಇವುಗಳಿಗೆ ನಿಜವಾದ ಕಷ್ಟಕಾಲ. ತರಗೆಲೆಯ ಅಡಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ. ಉಂಡೆ ನಿಂತರೆ ಸರಿ, ಪುಡಿಯಾಗಿ ಉದುರಿದರೆ ನೀರು ಬೇಕು. ಮೂರಡಿ ಅಗಲ, ಹತ್ತಡಿ ಉದ್ದದ ಪಟ್ಟಿಗೆ ವಾರಕ್ಕೆ ಎರಡು ಸಲ, ಸಲಕ್ಕೆ ಎರಡು ಕೊಡ ನೀರು ಸಾಕು. ಸಂಜೆ ಹಾಕಿ. ನೀರು ನಿಲ್ಲುವಷ್ಟು ಹಾಕಬೇಡಿ, ಕೆಸರಾದರೆ ಕೋಶದಲ್ಲಿರುವ ಹುಳ ಉಸಿರುಗಟ್ಟಿ ಸಾಯುತ್ತದೆ.

ಕಳೆ ಕೊಚ್ಚುವ ಯಂತ್ರ ಈ ಪಟ್ಟಿಗೆ ಮೇ, ಜೂನ್ ಎರಡು ತಿಂಗಳು ಬರಲೇಬಾರದು. ಹೆಣ್ಣು ಕೂತು ಉತ್ತರ ಕೊಡುವುದು, ಮೊಟ್ಟೆ ಇಡಲು ಇಳಿಯುವುದು ಆ ಹುಲ್ಲಿನಿಂದಲೇ. ಆಮೇಲೆ ಕೊಚ್ಚುವಾಗಲೂ ಬ್ಲೇಡು ನೆಲದಿಂದ ನಾಲ್ಕಿಂಚು ಮೇಲಿರಲಿ. ಹಗ್ಗದ ಬದಲು ಬ್ಲೇಡು ಹಾಕಿದ ಯಂತ್ರದಲ್ಲಿ ಎತ್ತರ ಕಾಯ್ದುಕೊಳ್ಳುವುದು ಸುಲಭ. ಹಗ್ಗ ಹಾಕಿದವರು ನೆಲ ಕೆರೆದೇ ಬಿಡುತ್ತಾರೆ.

ಕಾಲುವೆಯ ಹೂಳು ತೆಗೆಯುವುದು ತಪ್ಪಿದ್ದಲ್ಲ. ಒಂದು ವರ್ಷ ಒಂದು ದಂಡೆ, ಮುಂದಿನ ವರ್ಷ ಇನ್ನೊಂದು ದಂಡೆ ಕೆತ್ತಿ. ತೆಗೆದ ಹೂಳನ್ನು ಕೂಡಲೇ ಗಿಡದ ಬುಡಕ್ಕೆ ಹೊರದೆ ಒಂದೆರಡು ರಾತ್ರಿ ಕಾಲುವೆಯ ಅಂಚಿನಲ್ಲೇ ಬಿಟ್ಟರೆ ಅದರಲ್ಲಿ ಸಿಕ್ಕಿಕೊಂಡ ಮರಿಗಳು ತೆವಳಿ ವಾಪಸು ಹೋಗುತ್ತವೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹಗುರಾಗಿ ತೆಗೆದುಕೊಳ್ಳಬಾರದು. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಹಲವೆಡೆ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಾದ ಈ ರೋಗ ಹರಡುವುದು ರಕ್ತ ಹೀರುವ ಉಣ್ಣೆಯಿಂದ, ಜೋರಾಗುವುದು ಡಿಸೆಂಬರಿನಿಂದ ಮೇ ತನಕ. ಉಣ್ಣೆ ಇರುವುದೂ ತರಗೆಲೆಯಲ್ಲೇ. ಆದ್ದರಿಂದ ಪಟ್ಟಿಗೆ ಕಾಡಿನಿಂದ ತರಗೆಲೆ ಗುಡಿಸಿ ತರಬೇಡಿ, ತೋಟದ್ದೇ ಸಾಕು. ಪಟ್ಟಿಯನ್ನು ಮನೆಗೆ, ಕೊಟ್ಟಿಗೆಗೆ ತಾಗಿಸಿ ಮಾಡಬೇಡಿ. ಅಲ್ಲಿ ಕೆಲಸ ಮಾಡುವಾಗ ಮೈತುಂಬ ಬಟ್ಟೆ, ಗಂಬೂಟು ಹಾಕಿ, ಆರೋಗ್ಯ ಇಲಾಖೆ ಕೊಡುವ, ಉಣ್ಣೆ ತಡೆಯುವ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯಿರಿ. ಸುತ್ತಮುತ್ತ ಮಂಗ ಸತ್ತ ಸುದ್ದಿ ಬಂದ ವರ್ಷ ಆ ಕಡೆ ಹೋಗುವುದನ್ನೇ ಬಿಡಿ, ಎಣಿಕೆ ತಪ್ಪಿದರೆ ತಪ್ಪಲಿ.

ಔಷಧಿಯ ವಿಷಯ

ಅಡಿಕೆಗೆ ಬೇರುಹುಳ ಬಿದ್ದರೆ ಬುಡಕ್ಕೆ ಕ್ಲೋರೋಪೈರಿಫಾಸ್ ಎಂಬ ಕೀಟನಾಶಕ ಕಲಸಿ ಸುರಿಯುವುದು ರೂಢಿ. ಬೇರುಹುಳವೂ ದುಂಬಿಯ ಮರಿ, ಮಿಂಚುಹುಳದ ಮರಿಯೂ ದುಂಬಿಯ ಮರಿಯೇ, ಇಬ್ಬರೂ ಇರುವುದು ಅದೇ ಮಣ್ಣಿನಲ್ಲಿ. ಒಂದನ್ನು ಕೊಂದು ಇನ್ನೊಂದನ್ನು ಉಳಿಸುವ ಮಣ್ಣಿನ ಔಷಧಿ ಅಂಗಡಿಯಲ್ಲಿಲ್ಲ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕಗಳು ನೀರಿನ ಜೊತೆ ಹರಿದು ಬಸಿಗಾಲುವೆಗೂ ಸೇರುತ್ತವೆ.

ಹಾಗೆಂದು ಮರ ಸಾಯಲು ಬಿಡಿ ಎನ್ನುತ್ತಿಲ್ಲ. ಎಲೆ ಹಳದಿಯಾದ ಮರದ ಬುಡವನ್ನು ಅಗೆದು ನೋಡಿ, ಹುಳ ಸಿಕ್ಕ ಮರಕ್ಕೆ ಮಾತ್ರ ಔಷಧಿ ಹಾಕಿ. ತೋಟದುದ್ದಕ್ಕೂ ಸುರಿಯಬೇಡಿ. ಕಾಲುವೆಯ ಅಂಚಿನ ಸಾಲನ್ನು ಆದಷ್ಟು ಬಿಡಿ. ಮುಖ್ಯವಾದ ಕೆಲಸ ಮೇ-ಜೂನಿನಲ್ಲಿದೆ. ಮೊದಲ ಮಳೆಗೆ ಬೇರುಹುಳದ ದುಂಬಿಗಳು ಮುಸ್ಸಂಜೆಯ ಹೊತ್ತು ಮಣ್ಣಿನಿಂದ ಎದ್ದು ಬರುತ್ತವೆ. ಆಗ ಕೈಯಿಂದ ಹಿಡಿದು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರೆ ಮುಂದೆ ಬರುವ ಬೇರುಹುಳ ಅಷ್ಟು ಕಡಿಮೆಯಾಯಿತು. ಕೇರಿಯವರೆಲ್ಲ ಸೇರಿ ಒಟ್ಟಿಗೆ ಮಾಡಿದರೆ ಮಾತ್ರ ಇದರ ಫಲ ಪೂರ್ತಿ ಸಿಗುತ್ತದೆ, ಒಬ್ಬರ ತೋಟದಿಂದ ಎದ್ದದ್ದು ಇನ್ನೊಬ್ಬರ ತೋಟಕ್ಕೆ ಇಳಿಯುತ್ತದೆ.

ಆಫ್ರಿಕನ್ ಬಸವನಹುಳಕ್ಕೆ ಮೆಟಾಲ್ಡಿಹೈಡ್ ಗುಳಿಗೆ ಚೆಲ್ಲುವುದು ಇನ್ನೊಂದು ರೂಢಿ. ಆ ಗುಳಿಗೆ ಊರಿನ ಬಸವನಹುಳವನ್ನೂ ಕೊಲ್ಲುತ್ತದೆ. ಮಿಂಚುಹುಳದ ಮರಿಗೆ ಅಲ್ಲಿಗೆ ಊಟ ಮುಗಿಯಿತು. ಬದಲಿಗೆ ಹಳೆಯ ಗೋಣಿಚೀಲ ಒದ್ದೆ ಮಾಡಿ, ಅದರಡಿ ಪಪ್ಪಾಯಿ ಎಲೆ ಅಥವಾ ಎಲೆಕೋಸಿನ ಹೊರ ಎಲೆ ಇಟ್ಟು ಸಂಜೆ ಅಲ್ಲಲ್ಲಿ ಹಾಸಿ. ಬೆಳಗ್ಗೆ ಬಿಸಿಲೇರುವ ಮೊದಲು ಎತ್ತಿದರೆ ಅಡಿಯಲ್ಲಿ ರಾಶಿ ಸಿಗುತ್ತದೆ. ಗ್ಲೌಸ್ ಹಾಕಿಯೇ ಮುಟ್ಟಿ, ಅವುಗಳ ಮೈಯಲ್ಲಿ ಮನುಷ್ಯರಿಗೆ ಅಂಟುವ ಪರೋಪಜೀವಿ ಇರಬಹುದು. ಹತ್ತು ಲೀಟರ್ ನೀರಿಗೆ ಒಂದು ಕಿಲೋ ಕಲ್ಲುಪ್ಪು ಕರಗಿಸಿ ಅದರಲ್ಲಿ ಮುಳುಗಿಸಿ, ಆಮೇಲೆ ದೂರದಲ್ಲಿ ಹೂಳಿ. ಉಪ್ಪುನೀರನ್ನು ತೋಟದ ಮಣ್ಣಿಗೆ ಚೆಲ್ಲಬೇಡಿ. ಆರಿಸುವಾಗ ನೋಡಿ ಆರಿಸಿ: ಉದ್ದಕ್ಕೆ ಬುಗುರಿಯಂತೆ ಮೊನಚಾದ, ಕಂದು ಗೆರೆಗಳ ಚಿಪ್ಪು ಇರುವುದು ಆಫ್ರಿಕನ್. ಚಪ್ಪಟೆ ಸುರುಳಿಯ ಪುಟ್ಟವು, ಕೆಂಪು ಮೈಯ ಇಂಡ್ರೆಲ್ಲಾದಂಥವು ನಮ್ಮ ಘಟ್ಟದವು. ಅವನ್ನು ಇದ್ದಲ್ಲೇ ಬಿಡಿ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದೆ ಮಲೆನಾಡಿನಲ್ಲಿ ಅಡಿಕೆ ಉಳಿಯುವುದಿಲ್ಲ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಅಳತೆ ಮೀರಬೇಡಿ. ಮೈಲುತುತ್ತದಲ್ಲಿರುವ ತಾಮ್ರ ಮಣ್ಣಿನಲ್ಲಿ ಕರಗಿ ಹೋಗದೆ ವರ್ಷದಿಂದ ವರ್ಷಕ್ಕೆ ಸೇರುತ್ತಲೇ ಇರುತ್ತದೆ, ಎರೆಹುಳ, ಬಸವನಹುಳ ಎರಡಕ್ಕೂ ಅದು ವಿಷ. ದ್ರಾವಣ ಗೊನೆಗೆ ಬೀಳಲಿ, ನೆಲಕ್ಕಲ್ಲ. ಉಳಿದದ್ದನ್ನು ಕಾಲುವೆಗೆ ಚೆಲ್ಲುವುದು, ಡ್ರಮ್ಮನ್ನು ಕಾಲುವೆಯಲ್ಲಿ ತೊಳೆಯುವುದು ಪೂರ್ತಿ ನಿಲ್ಲಬೇಕು. ಕಳೆನಾಶಕ ಪಟ್ಟಿಯೊಳಗೆ ಬೇಡವೇ ಬೇಡ.

ಹುಳ ತಂದು ಬಿಡಬೇಡಿ

ಇಷ್ಟೆಲ್ಲ ಮಾಡಿದ ಮೇಲೆ ಬೇರೆಲ್ಲಿಂದಲೋ ಡಬ್ಬಿಯಲ್ಲಿ ಹಿಡಿದು ತಂದು ಬಿಟ್ಟರೆ ಬೇಗ ಆಗುತ್ತದಲ್ಲ ಎನಿಸುವುದು ಸಹಜ. ಹಿಡಿಯುವಾಗ ಸಿಗುವುದು ಹಾರುವ ಗಂಡುಗಳೇ, ಅವು ಮೊಟ್ಟೆ ಇಡುವುದಿಲ್ಲ. ಇನ್ನೂ ದೊಡ್ಡ ಕಾರಣವನ್ನು ಜಪಾನಿನಲ್ಲಿ ನೋಡಬಹುದು. ಅಲ್ಲಿನ ಗೆಂಜಿ ಹೊತಾರು ಎಂಬ ಮಿಂಚುಹುಳ ದೇಶದ ಪಶ್ಚಿಮದಲ್ಲಿ ಎರಡು ಸೆಕೆಂಡಿಗೊಮ್ಮೆ, ಪೂರ್ವದಲ್ಲಿ ನಾಲ್ಕು ಸೆಕೆಂಡಿಗೊಮ್ಮೆ ಮಿಂಚುತ್ತದೆ. ಪ್ರೀತಿಯಿಂದಲೇ ಜನ ಒಂದು ಕಡೆಯದನ್ನು ಇನ್ನೊಂದು ಕಡೆಗೆ ಒಯ್ದು ಬಿಟ್ಟರು. ಈಗ ಕೆಲವೆಡೆ ಎರಡೂ ತಳಿ ಬೆರೆತು, ಊರಿನ ಮೂಲ ತಳಿಯೇ ಕಳೆದುಹೋಗುವ ಸ್ಥಿತಿ ಬಂದಿದೆ.

ಬೆಂಗಳೂರಿನಂಥ ಕಡೆ ಇರುವವರು ತಿಳಿಯಬೇಕಾದ್ದೂ ಇದನ್ನೇ. ಸುತ್ತ ಎಲ್ಲೂ ಮಿಂಚುಹುಳ ಉಳಿದಿಲ್ಲದಿದ್ದರೆ ತಾರಸಿಯ ಕುಂಡಗಳಿಗೆ ಅದು ಬರುವುದಿಲ್ಲ. ಕೆರೆಯಂಚಿನಲ್ಲೋ ಹಳೆಯ ತೋಪಿನಲ್ಲೋ ಒಂದೆರಡಾದರೂ ಕಂಡರೆ ಆ ಜಾಗದ ಹುಲ್ಲು, ತರಗೆಲೆ, ಕತ್ತಲೆ ಮೂರನ್ನೂ ಉಳಿಸಲು ಬಡಾವಣೆಯವರು ಸೇರಿ ಕೇಳಿಕೊಳ್ಳಬೇಕು. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಅಂಚಿಗೆ ಕಲ್ಲು ಕಟ್ಟಿ ಸುತ್ತ ದೀಪ ಹಾಕಿದ ಮೇಲೆ ಹುಡುಕಿ ಪ್ರಯೋಜನವಿಲ್ಲ.

ನೋಡಲು ಬರುವವರಿದ್ದರೆ

ಹೋಂಸ್ಟೇಗಳಲ್ಲಿ ಈಗ ಮಿಂಚುಹುಳ ನೋಡಲು ಜನ ಬರುತ್ತಾರೆ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮೇ-ಜೂನಿನ ವಾರಾಂತ್ಯ ಬಂತೆಂದರೆ ಕಾರುಗಳ ಸಾಲು. ಅಲ್ಲಿ ಆಗುವ ಹಾನಿ ಮುಖ್ಯವಾಗಿ ಎರಡು: ಕಾರಿನ ಹೆಡ್‌ಲೈಟು, ಮತ್ತು ಹುಲ್ಲಿನೊಳಗೆ ಇಳಿಯುವ ಕಾಲು. ಹೆಣ್ಣುಗಳು ಇರುವುದು ಆ ಹುಲ್ಲಿನಲ್ಲೇ. ಬಂದವರನ್ನು ಕತ್ತಲಾಗುವ ಮೊದಲೇ ಒಂದು ಕಾಲುದಾರಿಯಲ್ಲಿ ಕರೆದೊಯ್ದು, ಅಂಗಳದಲ್ಲೋ ಕಟ್ಟೆಯ ಮೇಲೋ ಕೂರಿಸಿ. ಒಂದು ಸಲಕ್ಕೆ ಹತ್ತು ಜನಕ್ಕಿಂತ ಹೆಚ್ಚು ಬೇಡ. ಮೊಬೈಲು ಜೇಬಿನಲ್ಲಿರಲಿ.

ಫೋಟೋ ತೆಗೆಯಲೇಬೇಕೆಂದರೆ ಫ್ಲಾಶ್ ಇಲ್ಲದೆ, ಟ್ರೈಪಾಡಿನ ಮೇಲೆ, ಅಪರ್ಚರ್ 2.8ರಷ್ಟು ತೆರೆದು, ಐಎಸ್‌ಒ 1600ರಿಂದ 3200ರ ನಡುವೆ ಇಟ್ಟು, 15-30 ಸೆಕೆಂಡಿನ ಎಕ್ಸ್‌ಪೋಷರ್ ಕೊಡಿ. ಕ್ಯಾಮೆರಾದ ಪರದೆಗೆ ಕೆಂಪು ಕಾಗದ ಅಂಟಿಸಿ. ಫೋಕಸನ್ನು ಬೆಳಕಿರುವಾಗಲೇ ಹೊಂದಿಸಿ ಅದನ್ನು ಹಾಗೇ ಕಟ್ಟಿಡಿ, ಕತ್ತಲೆಯಲ್ಲಿ ಬ್ಯಾಟರಿ ಬಿಟ್ಟು ಫೋಕಸ್ ಮಾಡುವುದೇ ಎಲ್ಲರೂ ಮಾಡುವ ತಪ್ಪು. ಜಾಲತಾಣಗಳಲ್ಲಿ ಕಾಣುವ, ತೋಟವಿಡೀ ಚಿನ್ನದ ಚುಕ್ಕೆ ಚೆಲ್ಲಿದಂಥ ಚಿತ್ರಗಳಲ್ಲಿ ಬಹುತೇಕವು ಹತ್ತಾರು ಫೋಟೋ ಒಂದರ ಮೇಲೊಂದು ಪೇರಿಸಿದವು. ಅದನ್ನು ನೋಡಿ ನಮ್ಮಲ್ಲಿ ಇಷ್ಟೇನಾ ಎಂದುಕೊಳ್ಳಬೇಡಿ.

ಮಕ್ಕಳು ಹಿಡಿಯುವುದು ಬೇಡ ಎಂದರೂ ಹಿಡಿಯುತ್ತಾರೆ, ಹಿಡಿಯಲಿ. ತೂತು ಮಾಡಿದ ಡಬ್ಬಿ, ಒಳಗೊಂದು ಒದ್ದೆ ಎಲೆ, ಹತ್ತು ನಿಮಿಷ, ಆಮೇಲೆ ಹಿಡಿದ ಜಾಗದಲ್ಲೇ ಬಿಡಿಸಿ. ಹೊಟ್ಟೆಯ ಬಿಳಿ ಪಟ್ಟಿ ಒಂದೋ ಎರಡೋ ಎಂದು ಅವರಿಂದಲೇ ಎಣಿಸಿ, ನೋಟುಬುಕ್ಕಿನಲ್ಲಿ ಅವರ ಕೈಯಲ್ಲೇ ಬರೆಸಿ.

ಎರಡನೇ ವರ್ಷ

ದೀಪ ಆರಿಸಿದ ಮೊದಲ ವರ್ಷವೇ ಎಣಿಕೆ ಏರಿದರೆ ಅದು ಹುಳ ಹೆಚ್ಚಿದ್ದರಿಂದಲ್ಲ, ಇದ್ದವೇ ಕಾಣತೊಡಗಿದ್ದರಿಂದ. ಎರಡನೇ ವರ್ಷ ಎಣಿಕೆ ಇಳಿಯಲೂಬಹುದು. ಮೇ ತಿಂಗಳಲ್ಲಿ ಮಳೆ ಬಾರದಿದ್ದರೆ ಹುಳ ತಡವಾಗಿ ಏಳುತ್ತದೆ, ಎದ್ದ ವಾರದಲ್ಲೇ ಮುಂಗಾರು ಹೊಡೆದರೆ ಹಾರಾಟ ಮೊಟಕಾಗುತ್ತದೆ. ಪಟ್ಟಿಯ ತರಗೆಲೆಯಲ್ಲಿ ಈ ವರ್ಷ ಬೆಳೆದ ಮರಿ ರೆಕ್ಕೆ ಪಡೆಯುವುದು ಮುಂದಿನ ಮಳೆಗೆ, ಕೆಲವು ಜಾತಿಯದು ಅದರಾಚೆಯ ಮಳೆಗೆ. ಆದ್ದರಿಂದ ಮೂರು ಮಳೆಗಾಲದ ಲೆಕ್ಕ ಕೈಗೆ ಬರುವ ತನಕ ಯಾವ ತೀರ್ಮಾನಕ್ಕೂ ಬರಬೇಡಿ.

ಮೂರು ವರ್ಷವಾದರೂ ಏನೂ ಬದಲಾಗದಿದ್ದರೆ ಸಾಮಾನ್ಯವಾಗಿ ಮೇಲಿನ ತೋಟದಿಂದ ಹರಿದು ಬರುವ ನೀರಿನಲ್ಲಿ ಕಾರಣವಿರುತ್ತದೆ, ಇಲ್ಲವೇ ಬೇಸಗೆಯಲ್ಲಿ ಪಟ್ಟಿ ಒಣಗಿಹೋಗಿರುತ್ತದೆ. ಮೊದಲನೆಯದಕ್ಕೆ ಮೇಲಿನ ಮನೆಯವರ ಜೊತೆ ಕೂತು ಮಾತಾಡಬೇಕು, ಅವರನ್ನೂ ಒಂದು ರಾತ್ರಿ ಕಾಲುವೆಯ ಅಂಚಿಗೆ ಕರೆದೊಯ್ದು ಮರಿಹುಳ ತೋರಿಸಿ. ಎರಡನೆಯದಕ್ಕೆ ಮಾರ್ಚಿನಲ್ಲಿ ಇನ್ನೆರಡು ಕೊಡ ನೀರು. ಪ್ರತಿವರ್ಷ ದೀಪಾವಳಿಯ ಆಸುಪಾಸಿನಲ್ಲಿ ಗೂಟಗಳ ಸುತ್ತ ಮತ್ತೆ ಕೂತು ನೋಡಿ. ಹಳೆಯ ಗೂಟದಿಂದ ಐದಡಿ, ಹತ್ತಡಿ ಆಚೆಗೆ ಹೊಸದೊಂದು ಹಸಿರು ಚುಕ್ಕೆ ಕಂಡರೆ ಅಲ್ಲೂ ಒಂದು ಗೂಟ ಹೊಡೆದು, ಆ ದಂಡೆಯ ಹೂಳು ತೆಗೆಯುವುದನ್ನು ಒಂದು ವರ್ಷ ಮುಂದಕ್ಕೆ ಹಾಕಿ.